22 ತಿಂಗಳ ಮಗ, ಎಂ-ಚಾಟ್‌ನಲ್ಲಿ 6 ಬಂತು. ಮೂರು ವರ್ಷದವರೆಗೆ ಕಾಯಬಹುದಾ?

ಕುಳೂರು_ಅಮ್ಮ | ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುವುದು ಮೊದಲ ಸಲ. ಸ್ವಲ್ಪ ಉದ್ದ ಆಗಬಹುದು.

ಮಗನಿಗೆ 22 ತಿಂಗಳು. ಕಳೆದ ವಾರ ಬೂಸ್ಟರ್ ಚುಚ್ಚುಮದ್ದಿಗೆ ಹೋದಾಗ ಮಕ್ಕಳ ಡಾಕ್ಟ್ರು, ಹೆಸರು ಕರೆದರೆ ತಿರುಗುತ್ತಾನಾ ಎಂದು ಕೇಳಿದರು. ಹೌದು ಎಂದೆ. ಅವರು ಅಲ್ಲೇ ಮೂರು ಸಲ ಕರೆದರು. ತಿರುಗಲಿಲ್ಲ. ಅಷ್ಟರಲ್ಲಿ ಹೊರಗೆ ಯಾರೋ ಚಿಪ್ಸ್ ಪ್ಯಾಕೆಟ್ ಬಿಡಿಸಿದರು ನೋಡಿ, ತಟ್ಟನೆ ತಿರುಗಿದ. ಡಾಕ್ಟ್ರು ಏನೂ ಹೇಳದೆ 20 ಪ್ರಶ್ನೆಯ ಒಂದು ಹಾಳೆ ಕೊಟ್ಟರು, ಅದೇ ಎಂ-ಚಾಟ್. ಮಗುವಿಗೆ ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಬೇರೆ ರೀತಿ ಇರುವ ಬೆಳವಣಿಗೆಯ ಸ್ಥಿತಿ) ಇರಬಹುದಾ ಎಂದು ನೋಡುವ ಹಾಳೆಯಂತೆ. ಎಲ್ಲದಕ್ಕೂ ಹೌದು ಅಥವಾ ಇಲ್ಲ. ಲೆಕ್ಕ ಹಾಕಿದಾಗ 6 ಬಂತು. "ಗಾಬರಿ ಬೇಡ, ಆದರೆ ಮುಂದಿನ ಪರೀಕ್ಷೆ ಮಾಡಿಸಿ" ಎಂದರು.

ಮನೆಗೆ ಬಂದ ಮೇಲೆ ಅವನನ್ನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ. ನೀರು ಬೇಕಾದರೆ ಬಂದು ನನ್ನ ಮಣಿಕಟ್ಟು ಹಿಡಿಯುತ್ತಾನೆ, ಎಳೆದುಕೊಂಡು ಹೋಗಿ ಕೈಯನ್ನು ಫಿಲ್ಟರಿನ ನಲ್ಲಿಯ ಮೇಲೆ ಇಡುತ್ತಾನೆ. ಮುಖ ನೋಡುವುದಿಲ್ಲ. ಸೌಟು ಹಿಡಿದ ಹಾಗೆ ನನ್ನ ಕೈ ಹಿಡಿಯುತ್ತಾನೆ, ಅಷ್ಟೆ. ತೆಂಗಿನ ಗೆರಟೆ (ಚಿಪ್ಪು) ಸಿಕ್ಕಿದರೆ ನೆಲದ ಮೇಲೆ ಗರಗರ ತಿರುಗಿಸುತ್ತಾ ಅರ್ಧ ಗಂಟೆ ಕೂರುತ್ತಾನೆ. 15 ತಿಂಗಳಲ್ಲಿ "ಅಮ್ಮ" ಎನ್ನುತ್ತಿದ್ದ. ಈಗ ಇಲ್ಲ. ಯಾವಾಗ ನಿಂತಿತು ಎಂದು ನನಗೇ ನೆನಪಿಲ್ಲ. ಅದೇ ಜಾಸ್ತಿ ಚುಚ್ಚುತ್ತಿದೆ.

ಅತ್ತೆ ಹೇಳುವುದು, ಇವನ ಅಪ್ಪನೂ ಮೂರೂವರೆಗೇ ಮಾತಾಡಿದ್ದು ಅಂತ. ಬಜೆ ತೇಯ್ದು ನಾಲಗೆಗೆ ಹಚ್ಚುತ್ತಿದ್ದಾರೆ, ಸೌತಡ್ಕಕ್ಕೆ ಗಂಟೆ ಹರಕೆ ಹೇಳಿಕೊಂಡಿದ್ದಾರೆ. ಗಂಡ ಕತಾರಿನಲ್ಲಿ. ವಿಡಿಯೋ ಕಾಲಿನಲ್ಲಿ ಹತ್ತು ನಿಮಿಷ ನೋಡಿ "ಚೆನ್ನಾಗಿಯೇ ಇದ್ದಾನಲ್ಲ" ಎನ್ನುತ್ತಾರೆ. ಅತ್ತೆ ತುಳು, ನಾನು ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷ್. ಇದರಿಂದ ಹೀಗಾಯ್ತಾ? ಮೂರು ವರ್ಷದವರೆಗೆ ಕಾಯಬಹುದಾ?

ಮಲ್ಪೆ_ಮಾವ | ರಾತ್ರಿ 11:05

ತಂಗಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಎರಡನೆಯವನು ಮೂರು ತುಂಬುವವರೆಗೆ ಬಾಯಿ ಬಿಡಲಿಲ್ಲ. ಈಗ ಬಾಯಿ ಮುಚ್ಚಿಸಲು ಆಗುವುದಿಲ್ಲ. ನಮ್ಮ ಕಾಲದಲ್ಲಿ 20 ಪ್ರಶ್ನೆಯ ಹಾಳೆ ಎಲ್ಲಿತ್ತು? ಈಗ ಮಗು ಸ್ವಲ್ಪ ಸುಮ್ಮನಿದ್ದರೂ ಒಂದು ಹೆಸರು ಅಂಟಿಸುತ್ತಾರೆ. ಕಾಯಿರಿ.

ಮಾತುಕತೆ (ಸ್ಪೀಚ್ ಥೆರಪಿಸ್ಟ್, ಉಡುಪಿ) | ಮಂಗಳವಾರ, ಬೆಳಿಗ್ಗೆ 6:50

ಮಾವ, ನಿಮ್ಮ ಮಗನ ವಿಷಯದಲ್ಲಿ ನೀವು ಹೇಳಿದ್ದು ನಿಜವೇ ಇರಬಹುದು. ತಡವಾಗಿ ಮಾತಾಡುವ ಮಕ್ಕಳು ಇದ್ದಾರೆ. ಒಂದೇ ಪ್ರಶ್ನೆ ಕೇಳುತ್ತೇನೆ. ಮಾತು ಬರುವ ಮೊದಲು ಅವನು ಸಮುದ್ರದಲ್ಲಿ ಬೋಟು ಕಂಡರೆ ಬೆರಳು ತೋರಿಸಿ, ನಿಮ್ಮ ಮುಖ ನೋಡಿ, ಮತ್ತೆ ಬೋಟು ನೋಡುತ್ತಿದ್ದನಾ? "ಚಪ್ಪಲಿ ತಾ" ಎಂದರೆ ತರುತ್ತಿದ್ದನಾ?

ಕುಳೂರು ಅಮ್ಮ, ನಿಮಗೆ ನೇರವಾಗಿ ಹೇಳುತ್ತೇನೆ: ಕಾಯಬೇಡಿ. ಕಾರಣ 6 ಅಂಕ ಅಲ್ಲ. ಬಂದ ಶಬ್ದ ಹೋಗಿದೆ ಎಂದಿರಲ್ಲ, ಅದು. ಯಾವ ವಯಸ್ಸಿನಲ್ಲೇ ಆಗಲಿ, ಕಲಿತ ಮಾತು ಅಥವಾ ಆಟ ಬಿಟ್ಟುಹೋದರೆ ಆ ತಿಂಗಳೇ ತೋರಿಸಬೇಕು. ನಡುವೆ ಮೈ ನಡುಗುವುದು, ಕಣ್ಣು ಒಂದೇ ಕಡೆ ನಿಲ್ಲುವುದು ಕಂಡಿದ್ದರೆ ಅದನ್ನೂ ಡಾಕ್ಟ್ರಿಗೆ ಹೇಳಿ. ಅಪಸ್ಮಾರ (ಫಿಟ್ಸ್) ಇದೆಯಾ ಎಂದು ನೋಡುತ್ತಾರೆ.

ಎಂ-ಚಾಟ್ 16ರಿಂದ 30 ತಿಂಗಳ ಮಕ್ಕಳಿಗೆ. 0ರಿಂದ 2 ಬಂದರೆ ಸದ್ಯಕ್ಕೆ ಚಿಂತೆ ಇಲ್ಲ. 8 ಅಥವಾ ಜಾಸ್ತಿ ಬಂದರೆ ನೇರವಾಗಿ ತಜ್ಞರ ಹತ್ತಿರ. ನಿಮ್ಮದು ನಡುವಿನದು, 3ರಿಂದ 7. ಈ ಗುಂಪಿಗೆ ಎರಡನೇ ಹಂತ ಉಂಟು, ಅದನ್ನೇ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ತಪ್ಪಿದ ಪ್ರಶ್ನೆಗಳನ್ನು ಮತ್ತೆ ಕೂತು ಕೇಳಬೇಕು, ಉದಾಹರಣೆ ಸಮೇತ. "ಬೆರಳು ತೋರಿಸುತ್ತಾನಾ?" ಎಂದರೆ ಎಲ್ಲ ಅಮ್ಮಂದಿರೂ ಹೌದು ಎನ್ನುತ್ತಾರೆ. ಬೇಕು ಅಂತ ತೋರಿಸುವುದು ಬೇರೆ, "ನೋಡು ಅಮ್ಮ" ಅಂತ ತೋರಿಸುವುದು ಬೇರೆ. ಎರಡನೆಯದೇ ಮುಖ್ಯ. ಹೀಗೆ ಕೇಳಿದ ಮೇಲೂ 2 ಅಥವಾ ಜಾಸ್ತಿ ಉಳಿದರೆ ಪೂರ್ತಿ ತಪಾಸಣೆ.

ಇದು ಜರಡಿ ಅಷ್ಟೆ, ರೋಗನಿರ್ಣಯ ಅಲ್ಲ. ಅಮೆರಿಕದಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಹಂತದಲ್ಲಿ ಸಿಕ್ಕಿಬಿದ್ದು ತಪಾಸಣೆಗೆ ಬಂದ ಮಕ್ಕಳಲ್ಲಿ ಸುಮಾರು 47% ಮಕ್ಕಳಿಗೆ ಆಟಿಸಂ ಇತ್ತು. ಆದರೆ ಸುಮಾರು 95% ಮಕ್ಕಳಿಗೆ ಬೆಳವಣಿಗೆಯಲ್ಲಿ ಯಾವುದೋ ಒಂದು ತೊಂದರೆ ಇತ್ತು. ಅಂದರೆ ಆಟಿಸಂ ಅಲ್ಲದಿದ್ದರೂ ಹೋದದ್ದು ದಂಡ ಆಗುವುದಿಲ್ಲ.

ಮೊದಲು ಕಿವಿ ಪರೀಕ್ಷೆ. ಚಿಪ್ಸ್ ಪ್ಯಾಕೆಟ್ ಕೇಳಿತು ಅಂತ ಬಿಡಬೇಡಿ. ಕೆಲವು ಸದ್ದು ಮಾತ್ರ ಕೇಳುವ ಮಕ್ಕಳು ಇರುತ್ತಾರೆ. ಓಎಇ (ಒಳಗಿವಿ ಸದ್ದಿಗೆ ಸ್ಪಂದಿಸುತ್ತದಾ ಎಂದು ನೋಡುವುದು), ಬೆರಾ (ಸದ್ದು ನರದ ಮೂಲಕ ಮಿದುಳಿಗೆ ಮುಟ್ಟುತ್ತದಾ ಎಂದು ನೋಡುವುದು) ಎಂಬ ಎರಡು ಪರೀಕ್ಷೆ. ಬೆರಾಕ್ಕೆ ಮಗು ನಿದ್ದೆಯಲ್ಲಿರಬೇಕು. ಈ ವಿಷಯದಲ್ಲಿ ನಮ್ಮ ಎರಡು ಜಿಲ್ಲೆಯವರು ಪುಣ್ಯವಂತರು. ಕಂಕನಾಡಿಯ ಫಾದರ್ ಮುಲ್ಲರ್, ಮಣಿಪಾಲ, ದೇರಳಕಟ್ಟೆಯ ನಿಟ್ಟೆ, ಇಲ್ಲೆಲ್ಲ ಮಾತು ಮತ್ತು ಶ್ರವಣ ಕಲಿಸುವ ಕಾಲೇಜುಗಳೇ ಉಂಟು. ಬೇರೆ ಊರಿನವರು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ರಾತ್ರಿ ಬಸ್ಸು ಹತ್ತುತ್ತಾರೆ.

ಭಾಷೆ ಬಗ್ಗೆ: ಎರಡು ಮೂರು ಭಾಷೆಯಿಂದ ಆಟಿಸಂ ಬರುವುದಿಲ್ಲ, ಮಾತು ತಡವೂ ಆಗುವುದಿಲ್ಲ. ಹಾಗೇನಾದರೂ ಆಗುವುದಿದ್ದರೆ ಮಂಗಳೂರಿನಲ್ಲಿ ಒಂದು ಮಗುವಿಗೂ ಮಾತು ಬರುತ್ತಿರಲಿಲ್ಲ! ಅತ್ತೆ ತುಳುವಿನಲ್ಲೇ ಮಾತಾಡಲಿ. "ಮನೆಯಲ್ಲಿ ಬರೀ ಇಂಗ್ಲಿಷ್ ಮಾತಾಡಿ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬಾರದ ಭಾಷೆಯಲ್ಲಿ ಅಜ್ಜಿ ಮುದ್ದು ಮಾಡುವುದು ಹೇಗೆ? ಮೊಬೈಲಿನಿಂದಲೂ ಆಟಿಸಂ ಬರುವುದಿಲ್ಲ, ಆದರೆ ಈ ಮಗುವಿಗೆ ಬೇಕಾದ ಎದುರುಬದುರು ಆಟದ ಹೊತ್ತನ್ನು ಅದು ನುಂಗುತ್ತದೆ. ಊಟದ ಹೊತ್ತಿಗಾದರೂ ಬಂದ್ ಮಾಡಿ.

ಬಜೆಯ ಬಗ್ಗೆ ಒಂದೇ ಮಾತು. ಹೊಟ್ಟೆಗೆ ಜಾಸ್ತಿ ಹೋದರೆ ವಾಂತಿ ಆಗುತ್ತದೆ, ನಿಲ್ಲಿಸಿದರೆ ಒಳ್ಳೆಯದು. ಗಂಟೆ ಹರಕೆಗೆ ನನ್ನ ತಕರಾರಿಲ್ಲ.

ಮಲ್ಪೆ_ಮಾವ | ಬೆಳಿಗ್ಗೆ 7:30

ಬೋಟು ತೋರಿಸುತ್ತಿದ್ದ. ಬೋಟಿನ ಬಣ್ಣ ಹೇಳಿದರೆ ಅದೇ ಬೋಟಿಗೆ ಬೆರಳು. ಇದರ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ ಮಾರಾಯ್ರೇ. ತಂಗಿ, ಹಾಗಾದರೆ ಇವರು ಹೇಳಿದ ಹಾಗೆ ಮಾಡಿ.

ಅಂಗನವಾಡಿ_ಟೀಚರ್ (ಬಂಟ್ವಾಳ ತಾಲೂಕು) | ಮಧ್ಯಾಹ್ನ 2:15

ಖರ್ಚಿನ ಚಿಂತೆ ಇರುವವರಿಗೆ ಒಂದು ಮಾತು. 2013ರಿಂದ ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಯೋಜನೆ ಉಂಟು. ಅದರ ಡಾಕ್ಟರ್ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಬೆಳವಣಿಗೆ ತಡವಾದ ಮಕ್ಕಳೂ ಅದರಲ್ಲಿ ಸೇರುತ್ತಾರೆ. ಅವರು ಬರೆದುಕೊಟ್ಟರೆ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳಿಸುತ್ತಾರೆ. ಹೆಸರು ಬಾಯಲ್ಲಿ ಹಿಡಿಯುವುದಿಲ್ಲ, ಎಲ್ಲರೂ ಡಿಇಐಸಿ ಎನ್ನುತ್ತಾರೆ. ದುಡ್ಡಿಲ್ಲ. ಮಂಗಳೂರಿನವರು ವೆನ್‌ಲಾಕಿನಲ್ಲಿ, ಉಡುಪಿಯವರು ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ತಂಡ ಬಂದ ದಿನ 40 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಆಟಿಸಂ ಕಾಣುವುದಿಲ್ಲ. ಕಾಣುವುದು ನಮಗೆ, ದಿನಾ ನೋಡುವವರಿಗೆ. ಮೊನ್ನೆ ಒಬ್ಬ ಹುಡುಗ ಬಿದ್ದು ಅತ್ತ. ಉಳಿದ ಮಕ್ಕಳೆಲ್ಲ ಆಟ ಬಿಟ್ಟು ಓಡಿಬಂದರು. ಒಬ್ಬಳು ಮಾತ್ರ ಚಪ್ಪಲಿಗಳನ್ನು ಗೋಡೆಗೆ ಸರಿಯಾಗಿ ಜೋಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಬರೆದಿಟ್ಟೆ. ಅಮ್ಮನಿಗೆ ಹೇಗೆ ಹೇಳುವುದು ಎಂದು ಮೂರು ದಿನ ಯೋಚಿಸಿದೆ. ಹೇಳಿದಾಗ "ನನ್ನ ಮಗಳಿಗೆ ಹುಚ್ಚು ಅಂತೀರಾ" ಎಂದು ಬೈದರು. ಒಂದು ವಾರ ಮಗುವನ್ನು ಕಳಿಸಲಿಲ್ಲ. ಈಗ ಅವರೇ ಬಂದು ಕಾಗದ ತೆಗೆದುಕೊಂಡು ಹೋಗಿದ್ದಾರೆ.

ತಾಯಿ ಕಾರ್ಡಿನಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಎಂದು ಚಿತ್ರ ಸಮೇತ ಇದೆ. ಚುಚ್ಚುಮದ್ದಿನ ಪುಟ ಬಿಟ್ಟರೆ ಬೇರೆ ಪುಟ ತಿರುಗಿಸಿದವರನ್ನು ನಾನು ಹೆಚ್ಚು ನೋಡಿಲ್ಲ.

ಪಡುಬಿದ್ರಿ_ಗೆಳತಿ | ಸಂಜೆ 5:20

ನನ್ನ ಮಗಳಿಗೆ 17 ತಿಂಗಳು, ಬೂಸ್ಟರ್ ಬಾಕಿ ಉಂಟು. ಇದನ್ನೆಲ್ಲ ಓದಿ ಹೆದರಿಕೆ. ಆ ಚುಚ್ಚುಮದ್ದಿನ ನಂತರವೇ ಆಟಿಸಂ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು.

ಮಕ್ಕಳ_ವಿಭಾಗ (ಪಿಜಿ ವಿದ್ಯಾರ್ಥಿ, ಮಂಗಳೂರು) | ಸಂಜೆ 7:45

ಬರುವುದಿಲ್ಲ ಅಕ್ಕ. ಈ ಕಥೆ ಹುಟ್ಟಿದ್ದು 1998ರಲ್ಲಿ ಲಂಡನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ದಡಾರ-ರುಬೆಲ್ಲಾ ಸೇರಿದ ಲಸಿಕೆಯ ಬಗ್ಗೆ ಬರೆದ ಲೇಖನದಿಂದ. ಅದರಲ್ಲಿದ್ದದ್ದು ಬರೀ 12 ಮಕ್ಕಳು. ಪತ್ರಿಕೆ 2010ರಲ್ಲಿ ಆ ಲೇಖನವನ್ನೇ ಹಿಂದಕ್ಕೆ ಪಡೆಯಿತು, ಅದೇ ವರ್ಷ ಅವರ ವೈದ್ಯ ನೋಂದಣಿಯೂ ರದ್ದಾಯಿತು. ಆಮೇಲೆ ಲಕ್ಷಗಟ್ಟಲೆ ಮಕ್ಕಳನ್ನು ನೋಡಿದ ಅಧ್ಯಯನಗಳಲ್ಲೂ ಸಂಬಂಧ ಸಿಗಲಿಲ್ಲ.

ಹಾಗೆ ಅನಿಸುವುದು ಯಾಕೆ ಗೊತ್ತಾ? ನಮ್ಮಲ್ಲಿ ದಡಾರ-ರುಬೆಲ್ಲಾದ ಎರಡನೇ ಡೋಸ್ ಕೊಡುವುದು 16ರಿಂದ 24 ತಿಂಗಳ ನಡುವೆ. ಮಾತು ಬಾರದ್ದು ಮನೆಯವರ ಗಮನಕ್ಕೆ ಬರುವುದೂ ಆಗಲೇ. ನಾನಾದರೆ ಇದನ್ನು ಒಳ್ಳೆಯದಕ್ಕೆ ಬಳಸುತ್ತೇನೆ. ಹೇಗೂ ಮಗು ಆಸ್ಪತ್ರೆಗೆ ಬರುತ್ತದೆ, ಅದೇ ದಿನ ಎಂ-ಚಾಟ್ ಹಾಳೆ ಕೇಳಿ ತುಂಬಿಸಿ. ಡಾಕ್ಟ್ರು ಕೊಡದಿದ್ದರೆ ನೀವೇ ಕೇಳಿ, ನಾಚಿಕೆ ಬೇಡ. ಒಪಿಡಿಯಲ್ಲಿ 80 ಜನ ಕಾಯುತ್ತಿರುವಾಗ ನಮಗೂ ಮರೆತುಹೋಗುತ್ತದೆ. ಇದು ಸಮಜಾಯಿಷಿ ಅಲ್ಲ, ಇರುವ ಸಂಗತಿ.

ದೇರಳಕಟ್ಟೆ_ಅಪ್ಪ | ರಾತ್ರಿ 9:30

ನನ್ನ ಮಗಳಿಗೆ ಈಗ 8. ಗೊತ್ತಾದದ್ದು ಐದನೇ ವರ್ಷದಲ್ಲಿ. ಎರಡು ವರ್ಷ ಇದ್ದಾಗಲೇ ಒಬ್ಬ ಡಾಕ್ಟ್ರಿಗೆ ತೋರಿಸಿದ್ದೆವು. "ಹೆಣ್ಣು ಮಗು, ನಾಚಿಕೆ ಸ್ವಭಾವ, ಶಾಲೆಗೆ ಹೋದರೆ ಸರಿಯಾಗುತ್ತದೆ" ಎಂದರು. ನಮಗೂ ಅದೇ ಕೇಳಬೇಕಿತ್ತು, ಖುಷಿಯಿಂದ ಮನೆಗೆ ಬಂದೆವು. ಗಂಡು ಮಕ್ಕಳಲ್ಲಿ ಆಟಿಸಂ ಮೂರು ನಾಲ್ಕು ಪಟ್ಟು ಜಾಸ್ತಿ ಕಾಣುತ್ತದೆ ನಿಜ. ಆದರೆ ಹೆಣ್ಣು ಮಕ್ಕಳಲ್ಲಿ ಕಣ್ಣಿಗೆ ಬೀಳದೆ ತಪ್ಪಿಹೋಗುವುದೂ ಜಾಸ್ತಿ.

ಆಮೇಲೆ ನಾನು ಮಾಡಿದ ತಪ್ಪು ಹೇಳುತ್ತೇನೆ, ಬೇರೆಯವರು ಮಾಡಬೇಡಿ. ದೊಡ್ಡ ಊರಿನ ಒಂದು ಕ್ಲಿನಿಕ್ಕಿಗೆ ಹೋಗಿ ಸ್ಟೆಮ್ ಸೆಲ್ (ಮೂಲಕೋಶಗಳನ್ನು ಮೈಗೆ ಚುಚ್ಚುವ) ಚಿಕಿತ್ಸೆ ಮಾಡಿಸಿದೆ. ಹೆಂಡತಿಯ ಕರಿಮಣಿ ಬಿಟ್ಟು ಉಳಿದ ಚಿನ್ನವೆಲ್ಲ ಸಹಕಾರಿ ಬ್ಯಾಂಕಿಗೆ ಹೋಯಿತು. ಮಗಳ ಬೆನ್ನಿಗೆ ಸೂಜಿ ಹಾಕುವಾಗ ಅವಳು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಏನೂ ಆಗಲಿಲ್ಲ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಒಪ್ಪಿಗೆ ಪಡೆದದ್ದಲ್ಲ, ಸಂಶೋಧನೆಯ ಹೊರಗೆ ಕೊಡಬಾರದು ಎಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯೇ ಹೇಳುತ್ತದೆ. ನನಗೆ ಅದು ತಿಳಿದದ್ದು ಚಿನ್ನ ಹೋದ ಮೇಲೆ. "ಆರು ತಿಂಗಳಲ್ಲಿ ಗುಣ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆಟಿಸಂ ತೆಗೆಯುವ ಮಾತ್ರೆಯೂ ಇಲ್ಲ. ವಿಪರೀತ ಸಿಟ್ಟು, ತನ್ನನ್ನೇ ಹೊಡೆದುಕೊಳ್ಳುವುದು, ನಿದ್ದೆ, ಇಂಥದ್ದಕ್ಕೆ ಮಾತ್ರ ಕೆಲವು ಮಕ್ಕಳಿಗೆ ಔಷಧಿ ಕೊಡುತ್ತಾರೆ.

ಕಾಗದಪತ್ರದ ವಿಷಯ ಈಗಲೇ ಕೇಳಿಸಿಕೊಳ್ಳಿ, ಆಮೇಲೆ ಬೇಕಾಗಬಹುದು. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಭಾಗಗಳಲ್ಲಿ ಆಟಿಸಂ ಒಂದು. ಪ್ರಮಾಣಪತ್ರಕ್ಕೆ ಇಸಾ ಎಂಬ ನಮ್ಮ ದೇಶದ್ದೇ ಅಳತೆ ಉಂಟು. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70 ಅಥವಾ ಜಾಸ್ತಿ ಬಂದರೆ ಆಟಿಸಂ ಎಂದು ಲೆಕ್ಕ. ಪ್ರಮಾಣಪತ್ರದಲ್ಲಿ ಅಂಗವೈಕಲ್ಯ 40% ಅಥವಾ ಜಾಸ್ತಿ ಎಂದು ಬರೆದರೆ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಎಂಬ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಉಂಟು, ಥೆರಪಿಯೂ ಸೇರಿ. ಕಾರ್ಡು ಮಾಡಿಸಿದರೆ ಮದುವೆ ಆಗುವುದಿಲ್ಲ ಎಂದು ನನ್ನ ಅಣ್ಣ ಹೇಳಿದ. ಮಗಳಿಗೆ ಆಗ ಆರು ವರ್ಷ!

ಕುಳೂರು_ಅಮ್ಮ | ರಾತ್ರಿ 10:55

ಅಣ್ಣ, ಓದಿ ಅಳು ಬಂತು. ನಾನೂ ಮೊನ್ನೆ ಅಂಥದ್ದೇ ಜಾಹೀರಾತು ಸೇವ್ ಮಾಡಿಟ್ಟಿದ್ದೆ, ಅಳಿಸಿದೆ.

ಕಿವಿ ಪರೀಕ್ಷೆಗೆ ಬುಧವಾರ ಸಮಯ ಸಿಕ್ಕಿದೆ. ಪೂರ್ತಿ ತಪಾಸಣೆಗೆ ಮಾತ್ರ ಎರಡು ತಿಂಗಳು ಕಾಯಬೇಕು ಎಂದರು. ಅಲ್ಲಿಯವರೆಗೆ ಎಂತ ಮಾಡುವುದು? ಗೆರಟೆ ಕಸಿದು ಅಡಗಿಸಿಡಬೇಕಾ?

ಮಾತುಕತೆ | ಬುಧವಾರ, ಬೆಳಿಗ್ಗೆ 6:30

ತಪಾಸಣೆ ಮುಗಿದು ಒಂದು ಹೆಸರು ಸಿಗುವವರೆಗೆ ಕೆಲಸ ನಿಲ್ಲಬೇಕಾಗಿಲ್ಲ. ವಾರಕ್ಕೆ ಎರಡು ಸಲ ನನ್ನ ಹತ್ತಿರ 45 ನಿಮಿಷ ಕೂತರೆ ಒಂದೂವರೆ ಗಂಟೆ ಆಯಿತು. ಉಳಿದದ್ದೆಲ್ಲ ಮನೆಯಲ್ಲೇ ಅಲ್ವಾ? ನಮ್ಮ ಪಕ್ಕದ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು, 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲ, ತರಬೇತಿ ಕೊಟ್ಟ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಕಲಿಸಿದ್ದು. ಮಗುವಿನ ಜೊತೆ ಅಪ್ಪ ಅಮ್ಮ ಆಡುವ ರೀತಿ ಬದಲಾಯಿತು, ಮಗು ತಾನಾಗಿ ಅವರ ಹತ್ತಿರ ಬರುವುದೂ ಜಾಸ್ತಿ ಆಯಿತು.

ನೆಲದ ಮೇಲೆ ಅವನ ಎದುರು ಕೂರಿ, ಪಕ್ಕದಲ್ಲಿ ಅಲ್ಲ. ಅವನು ಏನು ನೋಡುತ್ತಾನೋ ಅದರ ಹೆಸರು ಒಂದೇ ಶಬ್ದದಲ್ಲಿ ಹೇಳಿ. "ಇದು ಏನು? ಹೇಳು ಹೇಳು" ಎಂದು ಪರೀಕ್ಷೆ ಮಾಡಬೇಡಿ. ನೀರು ಕೇಳಲು ಕೈ ಎಳೆದಾಗ ತಕ್ಷಣ ಕೊಡಬೇಡಿ, ಸತಾಯಿಸಲೂ ಬೇಡಿ. ಲೋಟ ನಿಮ್ಮ ಮುಖದ ಹತ್ತಿರ ಹಿಡಿದು "ನೀರು" ಎನ್ನಿ, ಮನಸ್ಸಿನಲ್ಲೇ ಐದು ಎಣಿಸಿ, ಒಂದು ಗುಟುಕು ಕೊಡಿ. ಅವನು ಕಣ್ಣು ಎತ್ತಿದರೂ ಸಾಕು, ಕೈ ಚಾಚಿದರೂ ಸಾಕು. ಅದೂ ಮಾತೇ. ಮುಂದೆ ಚಿತ್ರದ ಕಾರ್ಡು ತೋರಿಸಿ ಕೇಳುವುದನ್ನು ಕಲಿಸಬಹುದು. ಕಾರ್ಡು ಕೊಟ್ಟರೆ ಮಾತು ಬರುವುದಿಲ್ಲ ಎಂಬ ಹೆದರಿಕೆ ಬೇಡ, ಮಾತಿಗೆ ಅದು ಅಡ್ಡ ಬರುವುದಿಲ್ಲ.

ಎಂಡ್‌ಪಾಯಿಂಟ್ (ಮಣಿಪಾಲ) | ಬೆಳಿಗ್ಗೆ 11:10

ನನಗೆ 26 ವರ್ಷ. ಆಟಿಸಂ ಎಂದು ತಿಳಿದದ್ದು 22ಕ್ಕೆ. ಗೆರಟೆ ವಿಷಯಕ್ಕೆ ಉತ್ತರಿಸಲು ಲಾಗಿನ್ ಆದೆ.

ಕಸಿಯಬೇಡಿ. ನನಗೆ ಅದು ಫ್ಯಾನ್ ಆಗಿತ್ತು. ಮಿಕ್ಸಿ, ಕುಕ್ಕರ್, ಆಟದ ಬಯಲಿನ ಚೆಂಡೆ, ಎಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗುವಾಗ ತಿರುಗುವ ಒಂದು ವಸ್ತು ಮಾತ್ರ ಹೇಳಿದ ಹಾಗೆ ಕೇಳುತ್ತದೆ. ನೀವೂ ಒಂದು ಗೆರಟೆ ತಂದು ಪಕ್ಕದಲ್ಲಿ ತಿರುಗಿಸಿ. ಮಾತಾಡಬೇಡಿ, ಸುಮ್ನೆ ತಿರುಗಿಸಿ.

ಇನ್ನೊಂದು. "ಕಣ್ಣು ನೋಡಿ ಮಾತಾಡು" ಎಂದು ಗಲ್ಲ ಹಿಡಿದು ತಿರುಗಿಸುವ ಥೆರಪಿಗೆ ಕಳಿಸಬೇಡಿ. ಕಣ್ಣು ನೋಡಿದರೆ ನನಗೆ ಮಾತು ಕೇಳಿಸುತ್ತಿರಲಿಲ್ಲ, ಮಾತು ಕೇಳಿದರೆ ಕಣ್ಣು ನೋಡಲು ಆಗುತ್ತಿರಲಿಲ್ಲ. ಥೆರಪಿ ಬೇಡ ಎನ್ನುತ್ತಿಲ್ಲ. ನನಗೆ ಎರಡನೇ ವರ್ಷದಲ್ಲೇ ಯಾರಾದರೂ ಮಾತು ಕೇಳುವ ಬೇರೆ ದಾರಿ ಕಲಿಸಿದ್ದರೆ ಶಾಲೆಯಲ್ಲಿ ಅಷ್ಟು ಪೆಟ್ಟು ತಿನ್ನುತ್ತಿರಲಿಲ್ಲ. ಆದರೆ ಮಗು ಅಳುತ್ತಾ ಒಳಗೆ ಹೋಗಿ ಅಳುತ್ತಲೇ ಹೊರಗೆ ಬರುತ್ತಿದ್ದರೆ, ಬಾಗಿಲು ಮುಚ್ಚಿ ಒಳಗೆ ಏನು ಮಾಡುತ್ತಾರೆ ಎಂದು ಕೇಳುವ ಹಕ್ಕು ನಿಮಗೆ ಉಂಟು.

ಕಾಪು_ಅಜ್ಜಿ | ಮಧ್ಯಾಹ್ನ 3:40

ಮೊಮ್ಮಗಳ ಕೈಯಲ್ಲಿ ಟೈಪ್ ಮಾಡಿಸುತ್ತಿದ್ದೇನೆ. ನನ್ನ ಮೊಮ್ಮಗನೂ ಹೀಗೇ. ನಾನೂ ಬಜೆ ತೇಯ್ದವಳೇ, ಸೊಸೆಯ ಹತ್ತಿರ ಜಗಳ ಆಡಿದವಳೇ. ಆಮೇಲೆ ಥೆರಪಿಯ ಟೀಚರ್ ನನ್ನನ್ನೇ ಒಳಗೆ ಕರೆದು, "ಅಜ್ಜಿ, ಮನೆಯಲ್ಲಿ ಉಯ್ಯಾಲೆ ಉಂಟಾ?" ಎಂದು ಕೇಳಿದರು. ಉಂಟು ಎಂದೆ. "ಒಂಜಿ, ರಡ್ಡ್ ಎಂದು ಹೇಳಿ ನಿಲ್ಲಿಸಿ, ಮೂಜಿ ಅವನು ಹೇಳುವವರೆಗೆ ತೂಗಬೇಡಿ" ಎಂದರು. ಮೊದಲು ಕಾಲು ಅಲ್ಲಾಡಿಸಿದ. ಅದಕ್ಕೇ ತೂಗಿದೆ. ಐದು ತಿಂಗಳು ದಿನಾ ಸಂಜೆ. ಒಂದು ದಿನ "ಮೂ" ಎಂದ. ನಾಲ್ಕು ವರ್ಷದವನು ಈಗಲೂ ಮಾತು ಕಮ್ಮಿಯೇ, ಬೇಕಾದದ್ದು ಚಿತ್ರ ತೋರಿಸಿ ಕೇಳುತ್ತಾನೆ. ಮಗಳೇ, ನಿನ್ನ ಅತ್ತೆಯನ್ನು ಆಸ್ಪತ್ರೆಗೆ ಜೊತೆಗೆ ಕರೆದುಕೊಂಡು ಹೋಗು. ಹೊರಗೆ ಕೂರಿಸಿದರೆ ನಾವು ಹರಕೆಯೇ ಹೇಳುವುದು, ಬೇರೆ ಎಂತ ಮಾಡಲಿಕ್ಕುಂಟು?

ಕುಳೂರು_ಅಮ್ಮ | ರಾತ್ರಿ 9:15

ಇವತ್ತಿನ ಕಥೆ ಕೇಳಿ. ಬೆರಾಕ್ಕೆ ನಿದ್ದೆ ಬೇಕಲ್ಲ, "ಬೆಳಿಗ್ಗೆ ಬೇಗ ಎಬ್ಬಿಸಿ, ನಿದ್ದೆ ಕೊಡದೆ ಕರೆತನ್ನಿ" ಎಂದಿದ್ದರು. 5 ಗಂಟೆಗೇ ಎಬ್ಬಿಸಿದೆ. ಅತ್ತೆಯೂ ಬಂದರು. ಬಸ್ಸು ಕೊಟ್ಟಾರ ಚೌಕಿ ದಾಟುವುದರೊಳಗೆ ನನ್ನ ಹೆಗಲ ಮೇಲೆ ಗೊರಕೆ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಕಣ್ಣು ಬಿಟ್ಟವನು ಮತ್ತೆ ಮುಚ್ಚಲಿಲ್ಲ. ನಿದ್ದೆಯ ಸಿರಪ್ ಕೊಟ್ಟರು, ಉಗಿದ. ತಲೆಗೆ ಅಂಟಿಸಿದ ವೈರುಗಳನ್ನು ಒಂದೊಂದಾಗಿ ಕಿತ್ತು ಸಾಲಾಗಿ ಇಟ್ಟ. ಓಎಇ ಮಾತ್ರ ಆಯಿತು, ಎರಡೂ ಕಿವಿ ಪಾಸ್. ಬೆರಾಕ್ಕೆ ಶುಕ್ರವಾರ ಮತ್ತೆ ಬನ್ನಿ ಎಂದರು.

ಸಂಜೆ ಎರಡನೇ ಗೆರಟೆ ತಂದು ಪಕ್ಕದಲ್ಲಿ ತಿರುಗಿಸಿದೆ. ಐದು ನಿಮಿಷ ಲೆಕ್ಕಕ್ಕೇ ಇಡಲಿಲ್ಲ. ನನ್ನದು ಅವನದಕ್ಕೆ ತಾಗಿ ಎರಡೂ ಬಿದ್ದವು. ತಲೆ ಎತ್ತಿ ನನ್ನನ್ನು ನೋಡಿದ, ಸಿಟ್ಟಿನಿಂದ. ಆದರೂ ನೋಡಿದ. ಆಮೇಲೆ ನನ್ನ ಗೆರಟೆ ಕಿತ್ತುಕೊಂಡು ದೂರ ಇಟ್ಟು ಬಂದ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ನಾಳೆ ಕಾಯಿ ಒಡೆದರೆ ಎರಡೂ ಗೆರಟೆ ಇಟ್ಟುಕೊಳ್ಳುತ್ತಾರಂತೆ.

ಬಸ್ಸಿನಲ್ಲಿ ಎಚ್ಚರ ಇಡಲು ಏನಾದರೂ ಉಪಾಯ ಇದ್ದರೆ ಹೇಳಿ.

ಕಾಪು_ಅಜ್ಜಿ | ರಾತ್ರಿ 9:40

ಬನ್ಸ್ ಸಣ್ಣ ಸಣ್ಣ ತುಂಡು ಮಾಡಿ ಒಂದೊಂದೇ ಕೊಡು. ಕಿಟಕಿ ಸೀಟು ಹಿಡಿ, ಗಾಳಿ ಮುಖಕ್ಕೆ ಬೀಳಲಿ.

ಮಾತುಕತೆ | ರಾತ್ರಿ 9:52

ಅಜ್ಜಿ, ಹೊಟ್ಟೆ ತುಂಬಿದ್ದರೆ ಸಿರಪ್ ಕೊಡುವುದಿಲ್ಲ. ಎಷ್ಟು ಹೊತ್ತಿನಿಂದ ತಿನ್ನಿಸಬಾರದು ಎಂದು ಮೊದಲೇ ಫೋನಿನಲ್ಲಿ ಕೇಳಿಟ್ಟುಕೊಳ್ಳಿ. ಗಾಳಿ ಓಕೆ.

ದೇರಳಕಟ್ಟೆ_ಅಪ್ಪ | ರಾತ್ರಿ 10:05

ಮಧ್ಯಾಹ್ನದ ಸಮಯ ಕೇಳಿ ನೋಡಿ, ಅವನು ದಿನಾ ಮಲಗುವ ಹೊತ್ತಿಗೆ. ನಾವು ಹಾಗೇ ಮಾಡಿದ್ದು. ಶುಕ್ರವಾರ ಮಗಳ ಥೆರಪಿಗೆ ನಾನೂ ಕಂಕನಾಡಿ ಕಡೆ ಬರುವವನಿದ್ದೇನೆ. ಕಾರು ಉಂಟು. ವಾಪಸ್ ಹೋಗುವಾಗ ನಿಮ್ಮನ್ನೂ ಅತ್ತೆಯನ್ನೂ ಕುಳೂರಿಗೆ ಬಿಡುತ್ತೇನೆ, ಬರುವಾಗ ಮಾತ್ರ ಬಸ್ಸಿನಲ್ಲೇ ಬನ್ನಿ. ಕಾರಿನಲ್ಲಿ ಇನ್ನೂ ಬೇಗ ನಿದ್ದೆ ಹೋಗುತ್ತಾನೆ.